ದೊಡ್ಡಮ್ಮ ಕಂಡ ಜ್ಯೂರಿಕ್

ಹಾಸನ
ಗುರುವಾರ

ದೊಡ್ಡಪ್ಪನವರಿಗೆ ರಂಜಿತಾಳ ನಮಸ್ಕಾರಗಳು.

ನಮ್ಮ ಮನೆಗೆ ಬಂದಿರುವ ದೊಡ್ಡಮ್ಮ ಇವತ್ತು ಬೆಳಿಗ್ಗೆ ನಿಮ್ಮ ಜ್ಯೂರಿಕ್ ಪ್ರವಾಸ ಕಥನ ಓದುತ್ತಾ, ನಲವತ್ತನೇ ಪುಟದಲ್ಲಿ ಕನ್ನಡಕ ಬಿಚ್ಚಿಟ್ಟರು. ಕಾಫಿ ಕೆನೆಗಟ್ಟಿತ್ತು.

"ಇದು ನಾನಂದಿದ್ದಲ್ವೇನವ್ವಾ?" ಎಂದರು.

ಒಂದೂ ವಾಹನವಿಲ್ಲದ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಂತ ಜನರನ್ನು ಕಂಡು "ಯಾರ ಮೆರವಣಿಗೆ ಬತ್ತದೆ ಅಂತ ಕಾಯ್ತಾವ್ರೋ!" ಎಂದದ್ದು ದೊಡ್ಡಮ್ಮ. ನಾಯಿ ತಳ್ಳುಗಾಡಿಯಲ್ಲಿ ಕೂತು ಮಗು ಪಕ್ಕದಲ್ಲಿ ನಡೆಯುತ್ತಿದ್ದುದನ್ನು ನೋಡಿ "ಹೆತ್ತಿದ್ದು ಯಾವ್ದನ್ನೋ, ಸಾಕಿದ್ದು ಯಾವ್ದನ್ನೋ!" ಎಂದದ್ದೂ ಅವರೇ. ಪುಸ್ತಕದಲ್ಲಿ ಇವೆಲ್ಲ ನಿಮ್ಮ ಮಾತುಗಳು. ದೊಡ್ಡಮ್ಮ ಬರುವುದು ಒಂದೇ ಕಡೆ, ಎಸ್ಕಲೇಟರ್ ಕಂಡು ಕಿರುಚಿದ 'ನನ್ನ ಹಳ್ಳಿ ಹೆಂಡತಿ'ಯಾಗಿ. ಕಿರುಚಿದವರು ಯಾರು, ಕೈಹಿಡಿದು ಹತ್ತಿಸಿದವರು ಯಾರು ಎಂದು ನಿಮಗೆ ಚೆನ್ನಾಗಿ ಗೊತ್ತು. ಕನ್ನಡ ಎಂ.ಎ. ಮಾಡಿರುವ ನನಗೆ ಕರಡನ್ನು ಏಕೆ ತೋರಿಸಲಿಲ್ಲವೆಂದು ಈಗ ಅರ್ಥವಾಯಿತು.

"ಓಗ್ಲಿ ಬುಡವ್ವ, ಅವ್ರೇ ಅಂದಂಗಾಗ್ಲಿ" ಎಂದು ದೊಡ್ಡಮ್ಮ ಅಡುಗೆಮನೆಗೆ ಹೋದರು. ನನಗೆ ಬಿಡಲಾಗುತ್ತಿಲ್ಲ.

ಭಾನುವಾರ ಅರಕಲಗೂಡಿನ ಪುಸ್ತಕ ಬಿಡುಗಡೆ ಸಮಾರಂಭದಲ್ಲಿ ನಾಲ್ಕು ಮಾತಾಡು ಎಂದಿದ್ದಿರಿ. ಜನರೆದುರು ನನಗೆ ನಾಲಿಗೆ ಏಳುವುದಿಲ್ಲವೆಂದು ಒಪ್ಪಿರಲಿಲ್ಲ. ಈಗ ಬರುತ್ತೇನೆ. ಮೈಕನ್ನು ಸ್ವಲ್ಪ ತಗ್ಗಿಸಿಡಲು ಹೇಳಿ. ದೊಡ್ಡಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ.

ನೀವಿಬ್ಬರೂ ಜ್ಯೂರಿಕ್‌ನಲ್ಲಿದ್ದ ಆ ಹದಿನೈದು ದಿನವೂ ದೊಡ್ಡಮ್ಮ ನನಗೆ ಅಲ್ಲಿಂದ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಒಂದನ್ನೂ ಅಳಿಸಿಲ್ಲ. ನಾನು ಮಾತಾಡುವುದಿಲ್ಲ, ಫೋನನ್ನು ಮೈಕಿಗೆ ಹಿಡಿಯುತ್ತೇನೆ.

ಇಂತಿ,
ರಂಜಿತಾ