ಬುಧವಾರ ಮಾತ್ರ ಸ್ಟಾರ್ಟ್ ಆಗುವ ಕಾರು

ಬಿಕರ್ನಕಟ್ಟೆ, ಮಂಗಳೂರು
ಶುಕ್ರವಾರ, 14-3-2025

ಪ್ರೀತಿಯ ಅಣ್ಣಾ,

ಎಂಚ ಉಲ್ಲ, ಹೇಗಿದ್ದೀ? ಬೆನ್ನಿನ ಮೇಲೆ ಎದ್ದಿದ್ದ ಬೆವರುಗುಳ್ಳೆ ಕಮ್ಮಿ ಆಯಿತಾ? ಎಂಜಿನ್ ರೂಮಿನಲ್ಲಿ ಅಷ್ಟು ಸೆಕೆ ಇದ್ದರೆ ನೀರು ಜಾಸ್ತಿ ಕುಡಿಯಬೇಕಂತೆ, ಕಾಫಿ ಅಲ್ಲ. ಇದು ಅಮ್ಮ ಹೇಳಿದ್ದು. ಹೊಟ್ಟೆ ತುಂಬ ಊಟ ಮಾಡ್ತೀಯಾ, ಹಡಗಿನ ಅಡಿಗೆಯವನು ಈಗಲೂ ಎಲ್ಲದಕ್ಕೂ ಸಕ್ಕರೆ ಹಾಕ್ತಾನಾ? ಇದೂ ಅಮ್ಮ ಹೇಳಿದ್ದು. ನಾವು ಮೂವರೂ ಸೌಖ್ಯ. ಅಪ್ಪನ ಮಂಡಿನೋವು ಇದ್ದ ಹಾಗೇ ಉಂಟು, ಆದರೆ ಪಣಂಬೂರಿನ ಆಫೀಸಿಗೆ ಒಂದು ದಿನ ರಜೆ ಹಾಕುವುದಿಲ್ಲ. ಅವರು ಹೋಗದಿದ್ದರೆ ಬಂದರಿಗೆ ಬಂದ ಹಡಗು ಹಾಗೇ ವಾಪಸ್ ಹೋಗ್ತದೆ ಅಂತ ಅವರ ನಂಬಿಕೆ. ನನಗೆ ಕಾಲೇಜು, ಲರ್ನರ್ಸ್ ಲೈಸನ್ಸ್, ಮತ್ತೆ ನಿನಗೆ ಗೊತ್ತಿರುವ ಆ ಕಾರುಗಳ ವಾಟ್ಸಾಪ್ ಗ್ರೂಪು.

ಪರೀಕ್ಷೆ ಬಿಟ್ಟರೆ ನಾನು ಇಷ್ಟು ಉದ್ದ ಕೈಯಲ್ಲಿ ಬರೆಯುವುದು ಇದೇ ಮೊದಲು. ಮಾತಾಡುವುದು ತುಳುವಿನಲ್ಲಿ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ, ಈಗ ಪೆನ್ನು ಹಿಡಿದು ಕನ್ನಡ ಬರೆಯುವಾಗ ಕೈ ತಡವರಿಸ್ತದೆ. ತಪ್ಪಿದ್ದರೆ ನಗಬೇಡ. ಇರ್ವಿನಣ್ಣ ನಾಳೆ ನಿಮ್ಮ ಹಡಗು ಹತ್ತಲಿಕ್ಕೆ ಹೊರಡ್ತಾರೆ. ಅವರ ಕೈಯಲ್ಲಿ ಕಳಿಸಲಿಕ್ಕೆ ಅಮ್ಮ ಒಣ ಎಟ್ಟಿಯ, ಅದೇ ಸಿಗಡಿಯ, ಚಟ್ನಿ ಮತ್ತೆ ಹಪ್ಪಳ ಕಟ್ತಾ ಇದ್ದಾರೆ, ಅದರ ಜೊತೆಗೆ ಈ ಕಾಗದ. ಮೆಸೇಜ್ ಮಾಡಿದರೆ ನಿಮ್ಮ ಹಡಗಿನ ನೆಟ್ಟಿನಲ್ಲಿ ಅರ್ಧ ಮುಟ್ಟುವುದೇ ಇಲ್ಲ. ಫೋನಿನಲ್ಲಿ ಹೇಳುವ ಅಂದರೆ ಅಪ್ಪ ಸ್ಪೀಕರ್ ಹಾಕಿ ಕೂತುಕೊಳ್ತಾರೆ.

ಮೊದಲು ಕೆಲಸದ ಮಾತು. ಕಾರು ಮಾರಲಿಕ್ಕೆ ನೀನು ಹೂಂ ಅನ್ನಬೇಡ. ಕಳೆದ ಸಲ ಫೋನಿನಲ್ಲಿ ಅಪ್ಪ ಹೇಳಿದ್ದು ನೆನಪುಂಟಲ್ಲ, ನೀನು ಹಾಕಿದ ಆ ರಿಮೋಟ್ ಸ್ಟಾರ್ಟರ್ ಕೈಕೊಡ್ತಾ ಉಂಟು, ಮೇಲಿನ ಮನೆಯ ಡೆರಿಲ್ ಕಾರು ಕೇಳ್ತಾ ಇದ್ದಾನೆ, ಆರ್‌ಸಿ ನಿನ್ನ ಹೆಸರಲ್ಲಿ ಇರುವುದರಿಂದ ನಿನ್ನ ಒಪ್ಪಿಗೆ ಒಂದು ಸಿಕ್ಕಿದರೆ ಆಯಿತು ಅಂತ. ನೀನು ಎಂತ ಹೇಳಿದೆ? "ನೋಡುವ ಅಪ್ಪ, ನಾನು ಹೇಗೂ ಕಾಂಟ್ರಾಕ್ಟ್ ಮುಂದುವರಿಸುವ ಅಂತ ಇದ್ದೇನೆ, ಇನ್ನು ಬರುವುದು ಕೃಷ್ಣಾಷ್ಟಮಿ ಸುಮಾರಿಗೆ." ಮೇ ತಿಂಗಳ ಪತ್ತನಾಜೆಗೆ ಮೊದಲು, ಊರಿನ ಭೂತಕೋಲ, ಯಕ್ಷಗಾನದ ಆಟ ಎಲ್ಲ ಮುಗಿಯುವುದರ ಒಳಗೆ ಬರ್ತೇನೆ ಅಂತ ಹೋದವನು ನೀನು. ಆ ಮಾತು ಸ್ಪೀಕರಿನಿಂದ ಇಡೀ ಚಾವಡಿಗೆ ಕೇಳಿತು. ಅಮ್ಮ ಒಳಗಿನಿಂದಲೇ "ಮಾರಿದರೆ ಮಾರಿ, ಅಂಗಳದಲ್ಲಿ ಹಪ್ಪಳ ಒಣಗಿಸ್ಲಿಕ್ಕೆ ಜಾಗ ಆಗ್ತದೆ" ಅಂದರು. ಆಮೇಲೆ ಸಾರಿಗೆ ಎರಡು ಸಲ ಉಪ್ಪು ಹಾಕಿದರು.

ಈಗ ಸ್ಟಾರ್ಟರಿನ ಕಥೆ. ಅದರಲ್ಲಿ ದೋಷ ಇಲ್ಲ ಅಂತ ನಿನಗೆ ಪ್ರೂಫ್ ಸಮೇತ ಹೇಳಬೇಕು. ನಮ್ಮ ಅಂಗಳಕ್ಕೆ ಬೆಳಗ್ಗಿನ ಬಿಸಿಲು ನೇರ ಬೀಳುವುದು ಗೊತ್ತುಂಟಲ್ಲ, ಅಪ್ಪ ಹೊರಡುವ ಹೊತ್ತಿಗೆ ಸೀಟು ಕಾದ ಕಾವಲಿ. ಅಡಿಗೆಮನೆಯ ಕಿಟಕಿಯಿಂದ ಬಟನ್ ಒತ್ತಿದರೆ ಎಂಜಿನ್ ಎದ್ದು, ಎಸಿ ಓಡಿ, ಅವರು ಕೂರುವಾಗ ತಂಪು. ನೀನು ಹೋದ ಹೊಸದರಲ್ಲಿ ಎಲ್ಲ ಸರಿ ಇತ್ತು. ಆಮೇಲೆ ಒಂದು ದಿನ ಉಂಟು, ಒಂದು ದಿನ ಇಲ್ಲ. ಅಪ್ಪನಿಗೆ ನಿಜವಾಗಿ ಸಿಟ್ಟು ಬಂದದ್ದು ಒಂದು ಮದುವೆಗೆ ಹೋದಾಗ, ಹಾಲಿನ ಹೊರಗೆ. ಊಟ ಮುಗಿಸಿ ಮಾವನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, "ನೋಡಿ ಭಾವ, ಇಲ್ಲಿಂದಲೇ ಒತ್ತುವುದು, ನಾವು ಹೋಗಿ ಕೂರುವಾಗ ಫ್ರಿಜ್ಜಿನ ಹಾಗೆ" ಅಂತ ಒತ್ತಿದರು. ಲೈಟು ಪಿಳಿಪಿಳಿ ಅಂತು, ಅಷ್ಟೇ. ಮತ್ತೆ ಒತ್ತಿದರು. ಪುನಃ ಪಿಳಿಪಿಳಿ. ಮಾವ ಎಲೆಯಡಿಕೆ ಒಂದು ಬದಿಗೆ ಮಾಡಿ, "ಕಣ್ಣು ಮಾತ್ರ ಹೊಡೀತದೆ ಮಾರಾಯ್ರೆ, ಜೊತೆಗೆ ಬರುವ ಅಂದಾಜಿಲ್ಲ" ಅಂದರು. ಹಾಲಿನ ವಾಚ್‌ಮನ್ ಕೂಡ ನಕ್ಕ. ಮನೆಯ ಗೇಟಿನ ಹತ್ತಿರ ಮುಟ್ಟುವಾಗ ಅಪ್ಪ ಅಂದರು, "ಡೆರಿಲ್‌ಗೆ ಹೇಳುವುದೇ."

ನಾನು ಆ ದಿನವೇ ಗ್ರೂಪಿನಲ್ಲಿ ಹಾಕಿದೆ. ಐದು ನಿಮಿಷದಲ್ಲಿ ಡಾಕ್ಟರುಗಳ ಸಂತೆ. ಒಬ್ಬ ಬ್ಯಾಟರಿ ವೀಕ್ ಅಂದ, ಒಬ್ಬ ಆಂಟೆನಾ ಅಂದ, ಒಬ್ಬ ಕಾರನ್ನೇ ಬದಲಾಯಿಸು ಅಂದ, ಅವನನ್ನು ಎಲ್ಲರೂ ಬೈದರು. ನಾನು ರಿಮೋಟಿನ ಬಟನ್ ಸೆಲ್ ಹೊಸತು ಹಾಕಿದೆ. ಬಾನೆಟ್ ಸರಿಯಾಗಿ ಮುಚ್ಚದಿದ್ದರೂ ಅದು ಸ್ಟಾರ್ಟ್ ಆಗುವುದಿಲ್ಲವಂತೆ, ಬಾನೆಟ್ಟಿನ ಸ್ವಿಚ್ ಒರೆಸಿ ಒರೆಸಿ ಕನ್ನಡಿ ಮಾಡಿದೆ. ಕಡೆಗೆ ಅಪ್ಪನನ್ನು ಕಾಡಿ ಕಂಕನಾಡಿಯಿಂದ ಎಲೆಕ್ಟ್ರಿಷಿಯನ್ ಫಿಲಿಪ್ ಅವರನ್ನು ಕರೆಸಿದೆ. ಅವರು ಸ್ಟಿಯರಿಂಗಿನ ಕೆಳಗಿನ ಪ್ಯಾನಲ್ ಬಿಚ್ಚಿದಾಗ, ಅಣ್ಣಾ, ಒಳಗೆ ನಿನ್ನ ಕೆಲಸ ಎಲ್ಲ ಹಾಗೇ ಇತ್ತು. ಕಳೆದ ರಜೆಯಲ್ಲಿ ನೀನು ಅಲ್ಲಿ ತಲೆ ತೂರಿಸಿ ಮಲಗಿದ್ದು, ನಾನು ಟಾರ್ಚ್ ಹಿಡಿದು ಹಿಡಿದು ಕೈಸೋತು ನಿನ್ನ ಕಣ್ಣಿಗೇ ಬಿಟ್ಟದ್ದು, ನೀನು ಕಿರುಚಿದ್ದು. ಒಂದೊಂದು ವಯರಿಗೂ ಬಿಳಿ ಟೇಪ್ ಸುತ್ತಿ ನಿನ್ನ ಸೊಟ್ಟ ಅಕ್ಷರದಲ್ಲಿ ಹೆಸರು ಬರೆದಿದ್ದೀಯಲ್ಲ, ಅದರಲ್ಲಿ ಒಂದಕ್ಕೆ "ಹ್ಯಾಂಡ್‌ಬ್ರೇಕ್, ಮನ್ವಿ ಮುಟ್ಟಬಾರದು" ಅಂತ ಇತ್ತು. ಫಿಲಿಪ್ ಹಳೆ ಟೇಪ್ ಕಿತ್ತು ಹೊಸತು ಹಾಕಲಿಕ್ಕೆ ಹೊರಟರು. ನಾನು ಬೇಡವೇ ಬೇಡ ಅಂದೆ. "ಟೇಪಿಗೆ ಎಂತ ಮಾರಾಯ್ತಿ ಇಷ್ಟು ಪ್ರೀತಿ?" ಅಂತ ನಕ್ಕರು. ಎಲ್ಲ ನೋಡಿ, "ವಯರಿಂಗ್ ಪಕ್ಕಾ ಉಂಟು. ಹಳೆ ಗಾಡಿ ಅಲ್ವಾ, ಅದಕ್ಕೂ ಮೂಡ್ ಇರ್ತದೆ" ಅಂತ ಹೇಳಿ ಹೋದರು.

ಮೂಡ್ ಅಂತೆ! ನಾನು ಬಿಡಲಿಲ್ಲ. ಯಾವ ದಿನ ಸ್ಟಾರ್ಟ್ ಆಗ್ತದೆ, ಯಾವ ದಿನ ಇಲ್ಲ ಅಂತ ದಿನಾ ಗ್ರೂಪಿನಲ್ಲಿ ಹಾಕ್ತಾ ಬಂದೆ. ಉಳಿದ ದಿನಗಳ ಗ್ಯಾರಂಟಿ ಇಲ್ಲ, ಆದರೆ ಬುಧವಾರ ಬೆಳಗ್ಗೆ ಒಂದು ಸಲವೂ ತಪ್ಪಲಿಲ್ಲ. ಮಳೆ ಇಲ್ಲ, ಸೆಕೆ ಒಂದೇ ತರ, ಪೆಟ್ರೋಲು ಅದೇ. ಗ್ರೂಪಿನಲ್ಲಿ ನಗೆಯೋ ನಗೆ. ಒಬ್ಬ ಕಾರಿನ ಜಾತಕ ಕಳಿಸು ಅಂದ, ಒಬ್ಬ ಬುಧಗ್ರಹಕ್ಕೆ ಹೆಸರುಕಾಳು ದಾನ ಕೊಡು ಅಂದ. ಉಳ್ಳಾಲದ ಸುಹರಾ ಅಂತ ಒಬ್ಬರು ಅಕ್ಕ ಇದ್ದಾರೆ, ಅವರ ಕಾರಿನಲ್ಲೂ ಇದೇ ಸ್ಟಾರ್ಟರ್. ಅವರೊಬ್ಬರೇ ನಗಲಿಲ್ಲ. "ನಿಮ್ಮದು ಕೈಯಲ್ಲಿ ಗೇರ್ ಹಾಕುವ ಕಾರಲ್ವಾ? ಹಾಗಾದರೆ ಮಿಷನ್ ಹಾಳಾಗಿಲ್ಲ. ಲಾಕ್ ಮಾಡಿದ ಮೇಲೆ ನಿಮ್ಮಲ್ಲಿ ಯಾರೋ ಬಾಗಿಲು ತೆಗೀತಾರೆ" ಅಂತ ಹಾಕಿದರು.

ಓದಿದ ಕೂಡಲೇ ನೀನು ಅಪ್ಪನಿಗೆ ಕಲಿಸಿದ್ದು ನೆನಪಾಯಿತು. ನ್ಯೂಟ್ರಲ್ ಮಾಡಬೇಕು, ಹ್ಯಾಂಡ್‌ಬ್ರೇಕ್ ಎಳೀಬೇಕು, ರಿಮೋಟ್ ಒತ್ತಿ ಕೀ ತೆಗೀಬೇಕು, ಎಂಜಿನ್ ಓಡ್ತಾ ಇರುವಾಗಲೇ ಇಳಿದು ಬಾಗಿಲು ಹಾಕಿ ಲಾಕ್ ಮಾಡಬೇಕು, ಆಗ ಅದು ತನ್ನಷ್ಟಕ್ಕೆ ಆಫ್ ಆಗ್ತದೆ. ಆಮೇಲೆ ಯಾರಾದರೂ ಬಾಗಿಲು ತೆಗೆದರೆ, ಒಳಗೆ ಹೋಗಿ ಗೇರ್ ಹಾಕಿರಬಹುದು ಅಂತ ಅದಕ್ಕೆ ಸಂಶಯ. ಗೇರಿನಲ್ಲಿ ಇರುವ ಕಾರು ತಾನೇ ಸ್ಟಾರ್ಟ್ ಆದರೆ ಹಾರಿ ಗೋಡೆಗೆ ಹೋಗ್ತದಲ್ಲ. ಹಾಗೆ ಬರೀ ಲೈಟು ಮಿಟುಕಿಸಿ ಸುಮ್ಮನಾಗ್ತದೆ. ಅಪ್ಪನ ಹತ್ತಿರ ಕೇಳಿದರೆ, "ನಾನು ಮರೀತೇನೆ ಅಂತಲಾ ನೀನು ಹೇಳುವುದು? ಆರತಿ ಎತ್ತುವ ಹಾಗೆ ದಿನಾ ಮಾಡ್ತೇನೆ" ಅಂತ ನನಗೇ ಬೈದರು. ಅದು ಸತ್ಯ, ಅವರು ಮಾಡ್ತಾರೆ. ಆಮೇಲೆ ಟಿವಿ ಮುಂದೆ ಕೂತರೆ ಊಟಕ್ಕೇ ಏಳುವುದು. ನಾನು ಸಂಜೆ ಎಲ್ಲ ರೂಮಿನಲ್ಲಿ, ಕಾರು ಯಾಕೆ ಸ್ಟಾರ್ಟ್ ಆಗುವುದಿಲ್ಲ ಅಂತ ಗ್ರೂಪಿನಲ್ಲಿ ಚರ್ಚೆ ಮಾಡ್ತಾ ಇರ್ತೇನೆ. ಹಾಗಾದರೆ ಬಾಗಿಲು ತೆಗೆಯುವುದು ಯಾರು?

ಮೊನ್ನೆ ಸೋಮವಾರ ಮುಸ್ಸಂಜೆಗೆ ಹೊರಗೆ ಬಂದವಳು ನೋಡ್ತೇನೆ, ಕಾರಿನ ಒಳಗಿನ ಲೈಟು ಹೊತ್ತಿಕೊಂಡು ಉಂಟು. ಸಿಕ್ಕಿತು ಅಂತ ಆಯಿತು! ಇದೇ ಶಾರ್ಟ್, ಇದೇ ಬ್ಯಾಟರಿ ತಿನ್ನುವುದು, ಫೋಟೋ ತೆಗೆದು ಗ್ರೂಪಿಗೆ ಹಾಕುವ ಅಂತ ಫೋನ್ ಹಿಡಿದು ಓಡಿದೆ. ಹತ್ತಿರ ಹೋದರೆ ಎಡಗಡೆಯ ಸೀಟಿನಲ್ಲಿ ಅಮ್ಮ. ಗ್ಲಾಸ್ ಇಳಿಸಲಿಕ್ಕೆ ಅವರಿಗೆ ಗೊತ್ತಿಲ್ಲ, ಗಾಳಿಗೆ ಅಂತ ಬಾಗಿಲು ಸ್ವಲ್ಪ ತೆರೆದು ಇಟ್ಟಿದ್ದರು, ಅದಕ್ಕೇ ಲೈಟು. ದೀಪ ಇಟ್ಟು ಬಂದದ್ದಿರಬೇಕು, ಹಣೆಯ ಕುಂಕುಮ ಹಸಿ ಇತ್ತು. ತೊಡೆಯ ಮೇಲೆ ಸ್ಪೇರ್ ರಿಮೋಟು. ಮತ್ತೆ, ಅಣ್ಣಾ, ಅವರು ಸೀಟ್‌ಬೆಲ್ಟ್ ಹಾಕಿಕೊಂಡಿದ್ದರು. ನಿಂತ ಕಾರಿನಲ್ಲಿ.

"ಎಂತ ಓಡಿಕೊಂಡು ಬಂದದ್ದು, ಹಾವು ಉಂಟಾ?" ಅಂತ ಹೆದರಿದರು. ನಾನು ಫೋನ್ ಬೆನ್ನ ಹಿಂದೆ ಅಡಗಿಸಿದೆ. "ಬೆಲ್ಟ್ ಯಾಕಮ್ಮ?" ಅಂತ ಕೇಳಿದೆ. "ಅಭ್ಯಾಸ ಆಗಿದೆ ಮಗಾ. ಬೆಲ್ಟ್ ಹಾಕದಿದ್ದರೆ ಅವನು ಹೊರಡುದೇ ಇಲ್ಲಲ್ಲ" ಅಂದರು. ನೀನು ಇದ್ದಾಗ ಸಂಜೆ ಅವರನ್ನು ನಮ್ಮ ಬಿಕರ್ನಕಟ್ಟೆಯ ಬಾಲಯೇಸುವಿನ ಗುಡಿಗೆ, ಪೇಟೆಗೆ ಅಂತ ಕರೆದುಕೊಂಡು ಹೋಗಿ ಬಂದು, ಅಂಗಳದಲ್ಲಿ ಕಾರು ನಿಂತ ಮೇಲೂ ಇಬ್ಬರು ಒಳಗೇ ಕೂತು ಮಾತಾಡುವುದಿತ್ತಲ್ಲ. ಅಪ್ಪ ಚಾವಡಿಯಿಂದ, "ಎಂತ, ಅಲ್ಲೇ ಮನೆ ಮಾಡ್ತೀರಾ?" ಅಂತ ಕೇಳುವುದು, ನೀವು ಇಬ್ಬರೂ ಕೇಳದ ಹಾಗೆ ಮಾಡುವುದು. ಈಗ ಕೈ ಖಾಲಿ ಇದ್ದ ದಿನ ಅದೇ ಹೊತ್ತಿಗೆ ಅವರೊಬ್ಬರೇ ಬಂದು ಕೂರ್ತಾರೆ. ಮಂಗಳವಾರ ಸಂಜೆ ಭಜನಾ ಮಂದಿರಕ್ಕೆ ಹೋಗುವುದರಿಂದ ಆ ದಿನ ಕೂರುವುದಿಲ್ಲ, ಹಾಗೆ ಮರುದಿನ ಬೆಳಗ್ಗೆ ಕಾರು ತಪ್ಪುವುದಿಲ್ಲ. ಬುಧವಾರದ ಗ್ರಹ ಯಾವುದು ಅಂತ ಗೊತ್ತಾಯಿತಲ್ಲ? ಮದುವೆ ಹಾಲಿನಲ್ಲೂ ಅಪ್ಪ ಲಾಕ್ ಮಾಡಿದ ಮೇಲೆ ಮಲ್ಲಿಗೆ ಮರೆತೆ ಅಂತ ಬಾಗಿಲು ತೆಗೆದದ್ದು ಇವರೇ. "ಅಪ್ಪನಿಗೆ ಹೇಳಬೇಡ ಆಯಿತಾ, ತಮಾಷೆ ಮಾಡ್ತಾರೆ" ಅಂದರು.

ಹೇಳಿದರೆ ಅಪ್ಪ ತಮಾಷೆ ಮಾಡಿ ಬಿಟ್ಟಾರು, ಅದು ದೊಡ್ಡದಲ್ಲ. ಆದರೆ ತನ್ನಿಂದ ಕಾರಿಗೆ ತೊಂದರೆ ಅಂತ ಗೊತ್ತಾದರೆ ಅಮ್ಮ ಮರುದಿನದಿಂದ ಆ ಬಾಗಿಲು ಮುಟ್ಟುವುದಿಲ್ಲ. ಹಾಗಾಗಿ ನಾನು ಇಬ್ಬರಿಗೂ ಹೇಳಲಿಲ್ಲ, ಗ್ರೂಪಿನಲ್ಲೂ "ಸಾಲ್ವ್ಡ್" ಅಂತ ಹಾಕಿ ಸುಮ್ಮನಾದೆ. ಸುಹರಕ್ಕ ಮಾತ್ರ ಬೇರೆಯಾಗಿ "ಯಾರು?" ಅಂತ ಕೇಳಿದರು, ಅವರಿಗೆ ಒಬ್ಬರಿಗೆ ಹೇಳಿದೆ. ಈಗ ಅಮ್ಮ ಎದ್ದು ಒಳಗೆ ಹೋದ ಮೇಲೆ ನಾನು ಹೋಗಿ ಎಂಜಿನ್ ಓಡಿಸಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎಲ್ಲ ಪುನಃ ಮಾಡಿ ಲಾಕ್ ಮಾಡಿ ಬರ್ತೇನೆ. ಅಪ್ಪ ಎಂತದು ಸದ್ದು ಅಂದರೆ, "ಸಂಜೆ ಸ್ವಲ್ಪ ಓಡಿಸಬೇಕಂತೆ, ಗ್ರೂಪಿನವರು ಹೇಳಿದ್ದು." ಅಂದಿನಿಂದ ಬೆಳಗ್ಗೆ ಒಂದು ದಿನವೂ ತಪ್ಪಲಿಲ್ಲ. ಇವತ್ತು ಬೆಳಗ್ಗೆ ಬಟನ್ ಒತ್ತಿದ ಕೂಡಲೇ ಎದ್ದಾಗ ಅಪ್ಪ, "ನಿನ್ನ ಗ್ರೂಪಿನವರು ಬರೀ ಪೋಲಿಗಳು ಅಂತ ಮಾಡಿದ್ದೆ" ಅಂದರು. ಅವರ ಬಾಯಲ್ಲಿ ಇದು ಪದ್ಮಶ್ರೀ. ಆದರೂ ಮಾರುವ ಮಾತು ಬಿಟ್ಟಿಲ್ಲ. "ಸರಿಯಾದದ್ದು ಒಳ್ಳೆಯದೇ ಆಯಿತು, ಡೆರಿಲ್‌ಗೆ ಧೈರ್ಯದಲ್ಲಿ ಕೊಡಬಹುದು. ಓಡಿಸುವವನೇ ಊರಿಗೆ ಬರುವುದಿಲ್ಲ ಅಂದ ಮೇಲೆ ಕಾರು ಯಾಕೆ? ನನಗೆ ಬಸ್ಸು ಉಂಟು" ಅಂತಾರೆ. ಅದಕ್ಕೇ ನಿನಗೆ ಬರೆದದ್ದು. ಅಪ್ಪ ಪುನಃ ಕೇಳಿದರೆ ಬೇಡ ಅಂತ ಹೇಳು. ಕಾರಣ ಕೇಳಿದರೆ ನಿನಗೆ ಬೇಕು ಅಂತ ಹೇಳು, ಅಮ್ಮನ ಹೆಸರು ಎತ್ತಬೇಡ.

ಚಟ್ನಿ ಡಬ್ಬಿಯ ಮುಚ್ಚಳ ಒದ್ದೆ ಕೈಯಲ್ಲಿ ತೆಗೆಯಬಾರದಂತೆ, ಬೂಸು ಬರ್ತದೆ. ಹಪ್ಪಳ ಇರ್ವಿನಣ್ಣನಿಗೂ ಕೊಡು, ಇಲ್ಲಿಂದ ಹೊತ್ತುಕೊಂಡು ಬರುವವರು ಅವರು. ಡೆಕ್ಕಿಗೆ ಹೋಗುವಾಗ ಜಾಗ್ರತೆ. ಅಪ್ಪ ಆಶೀರ್ವಾದ ತಿಳಿಸು ಅಂದರು, ಅಮ್ಮ ಡಬ್ಬಿಗೆ ಇನ್ನೊಂದು ಸುತ್ತು ಪ್ಲಾಸ್ಟಿಕ್ ಸುತ್ತುತ್ತಾ ಇದ್ದಾರೆ.

ನಿನ್ನ ಕಣ್ಣಿಗೆ ಟಾರ್ಚ್ ಬಿಟ್ಟ ತಂಗಿ,
ಮನ್ವಿತಾ

ಇನ್ನೊಂದು, ಗಡಿಬಿಡಿಯಲ್ಲಿ. ಇರ್ವಿನಣ್ಣ ಕಟ್ಟು ತೆಗೆದುಕೊಂಡು ಹೋಗಲಿಕ್ಕೆ ಬಂದು ಗೇಟಿನಲ್ಲಿ ಹಾರ್ನ್ ಹಾಕ್ತಾ ಇದ್ದಾರೆ. ಅಮ್ಮ ಅಲ್ಲಿ ಸುಮ್ಮನೆ ಕೂರುವುದಲ್ಲ, ನಿನ್ನ ಹತ್ತಿರ ಮಾತಾಡ್ತಾರೆ. ಬಂಗುಡೆ ಮೀನು ಬಂದದ್ದು, ಅಪ್ಪನ ಮಂಡಿ, ನಾನು ಅಡಿಗೆಮನೆಗೆ ಬರುವುದೇ ಇಲ್ಲ ಅಂತ ದೂರು, ಎಲ್ಲ. ನಿನ್ನೆ ನಾನು ಹೋಗಿ ಬಲಗಡೆ ನಿನ್ನ ಸೀಟಿನಲ್ಲಿ ಕೂತೆ, ನನಗೂ ಹೇಳಲಿ ಅಂತ. ಮಾತು ನಿಲ್ಲಿಸಿಬಿಟ್ಟರು. ಕಡೆಗೆ ನಾನು ಇಳಿದು ಹಿಂದಿನ ಸೀಟಿಗೆ ಹೋದೆ, ಆಮೇಲೆ ಮೆಲ್ಲ ಪುನಃ ಶುರು ಮಾಡಿದರು. ಮೇಲೆ ಬರೆದದ್ದು ಬಿಡು ಅಣ್ಣಾ, ಕಾರು ಬೇಕಾದರೆ ಮಾರು. ಕಾಂಟ್ರಾಕ್ಟ್ ಮಾತ್ರ ಮುಂದುವರಿಸಬೇಡ. ಆ ಸೀಟಿನಲ್ಲಿ ನಾನು ಕೂತರೆ ಆಗುವುದಿಲ್ಲ.