ನೀನು ಬಿಚ್ಚುತ್ತಿದ್ದ ಅರಿವೆ

ಅವ್ವ,

ನೀನು ತೀರಿಕೊಂಡ ಮೇಲೆ ನಿನ್ನ ಮೊಮ್ಮಗಳು ಸಿಂಚನಾ ನಡೆಯಲು ಕಲಿತಳು, ಆದರೆ ಎಡಗಾಲು ಎಳೆಯುತ್ತಾಳೆ. ಇವತ್ತು ಹುಬ್ಬಳ್ಳಿಯಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದೆ. ಅವಳನ್ನು ಅಂಗಾತ ಮಲಗಿಸಿ, ಎರಡೂ ಮೊಣಕಾಲು ಮಡಚಿ ಹೊರಗೆ ಅಗಲಿಸಿದರು. ಬಲಗಾಲು ಸಲೀಸಾಗಿ ಹೋಯಿತು, ಎಡದ್ದು ಅರ್ಧಕ್ಕೇ ನಿಂತಿತು. ಎಡತೊಡೆಯ ಎಲುಬು ಸೊಂಟದ ಕೀಲಿನಿಂದ ಜಾರಿದೆಯಂತೆ.

ಯಮನೂರಿನ ನಮ್ಮ ಬಚ್ಚಲಲ್ಲಿ ಎರಡು ತಿಂಗಳ ಕೂಸಿಗೆ ಎರೆಯುವಾಗ ನೀನೂ ಹೀಗೇ ಮಾಡಿ ನೋಡಿದ್ದೆ. "ಯವ್ವಾ, ಈ ಕಾಲು ಅಗಲ ಆಗವಲ್ದು. ತೊಡಿ ಮಡಿಕಿನೂ ಒಂದ ಸಮ ಇಲ್ಲ. ದವಾಖಾನಿಗೆ ತೋರ್ಸೂಣು" ಎಂದಿದ್ದೆ.

"ಸುಮ್ನಿರಬೇ, ನನ್ನ ಕೂಸಿಗೆ ಐಬು ಹುಡುಕಬ್ಯಾಡ" ಎಂದು ನಾನು ಹರಿಹಾಯ್ದೆ. ಮತ್ತೆ ನೀನು ಆ ಮಾತು ತೆಗೆಯಲೇ ಇಲ್ಲ.

ಕಾಲು ನೆಟ್ಟಗಾಗಲಿ ಎಂದು ಅತ್ತೆ ಹೇಳಿದಂತೆ ನಾನು ಕೂಸನ್ನು ಅರಿವೆಯಲ್ಲಿ ಬಿಗಿದು ಸುತ್ತುತ್ತಿದ್ದೆ. ನನಗೆ ನಿದ್ದೆ ಹತ್ತಿದ ಮೇಲೆ ನೀನು ಅದನ್ನು ಬಿಚ್ಚಿ, ಕೂಸಿನ ಕಾಲುಗಳನ್ನು ನಿನ್ನ ಹೊಟ್ಟೆಯ ಆಚೀಚೆ ಅಗಲಿಸಿ, ಎದೆಗವಚಿಕೊಂಡು ತಿರುಗುತ್ತಿದ್ದೆ. ಎದ್ದ ಕೂಡಲೇ ನಾನು ಸಿಟ್ಟಿನಿಂದ ಮತ್ತೆ ಬಿಗಿಯುತ್ತಿದ್ದೆ.

"ಎರಿಯುವಾಗ ಮನ್ಯಾಗ ಯಾರೂ ನೋಡ್ಲಿಲ್ಲೇನ್ರಿ? ಆರು ತಿಂಗಳದೊಳಗ ಬಂದಿದ್ರ ಕಾಲು ಅಗಲಿಸಿ ಹಿಡಿಯೂ ಬರೇ ಒಂದು ಬೆಲ್ಟಿನಾಗ ಮುಗೀತಿತ್ತು" ಎಂದರು ಡಾಕ್ಟರು.

"ಇಲ್ರಿ" ಎಂದುಬಿಟ್ಟೆ, ಅವ್ವ.

ಮುಂದಿನ ವಾರ ಆಪರೇಷನ್. ಆಮೇಲೆ ಮೂರು ತಿಂಗಳು ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್. ಕಾಲುಗಳನ್ನು ಅಗಲಿಸಿಯೇ ಹಾಕುತ್ತಾರಂತೆ, ನೀನು ಎತ್ತಿಕೊಳ್ಳುತ್ತಿದ್ದ ಹಾಗೆಯೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳನ್ನು ಹಾಗೆ ಕೂಡಿಸಿಕೊಂಡು ನೋಡಿದೆ. ನಿನ್ನಷ್ಟು ಹಗುರಾಗಿ ಹಿಡಿಯಲು ನನಗೆ ಬರಲಿಲ್ಲ.