ಮನಿಯಾಗ ಜಡ್ಡಾದವರು ಯಾರೂ ಇಲ್ರಿ

ಪುಣೆ, ಗಿರಣಿ ಚಾಳ
೧೦ ಫೆಬ್ರುವರಿ ೧೯೪೬

ಪ್ರೀತಿಯ ಅವ್ವಾ,

ನಿನ್ನ ಪಾದಕ್ಕ ನಿನ್ನ ಸಾವಂತ್ರಿಯ ಶರಣು. ಮೊಣಕಾಲು ನೋವು ಹ್ಯಾಂಗ ಅದ? ಥಂಡಿಯಾಗ ಬಾವಿಗೆ ಹೋಗಬ್ಯಾಡ ಅಂತ ಎಷ್ಟು ಬರೆದರೂ ನೀ ಕೇಳಾಕಿ ಅಲ್ಲ. ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕೋ, ರಾಮಲಿಂಗಪ್ಪನ ಕೈಲೆ ನೀರು ತರಿಸು. ನನ್ನ ತಮ್ಮ ಅಂದ ಮ್ಯಾಲೆ ಅವನೂ ಒಂಚೂರು ದುಡೀಲಿ. ನಿನ್ನ ಮೊಮ್ಮಗಳು ಅಪ್ಪಿ ಈಗ ಗ್ವಾಡಿ ಹಿಡಕೊಂಡು ನಿಂದರತಾಳ. ಮ್ಯಾಲಿನ ಹಲ್ಲು ಬಂದಾವ, ಸಿಕ್ಕವರನ್ನೆಲ್ಲ ಕಡೀತಾಳ.

ನಿನ್ನ ಅಳಿಯನ ಸುದ್ದಿ ಹೋದ ಪತ್ರದಾಗ ಪೂರಾ ಬರೆದಿರಲಿಲ್ಲ. ದಸರೆಯಿಂದ ಕೆಮ್ಮು ಹಿಡಿದದ. ಇವರು ಹತ್ತಿಯ ಅರಳಿ ಹಿಂಜುವ ಖಾತೆಯವರು ಅಂತ ನಿನಗ ಗೊತ್ತು. ಮನಿಗೆ ಬಂದರ ಹುಬ್ಬು, ಮೀಸೆ ಎಲ್ಲಾ ಬೆಳ್ಳಗ ಇರತಾವ. ಗಿರಣಿಯಾಗ ಒಂದು ಜಡ್ಡಿನ ಫಂಡು ಅದ. ಎಲ್ಲಾರ ಪಗಾರದಾಗೂ ಅದಕ್ಕ ಮುರೀತಾರ. ಜಡ್ಡು ಬಂದರ ಡಾಕ್ಟರ ನೋಡಬೇಕು, ಔಷಧ ಕೊಡಬೇಕು, ಏಳಲಾರದವರ ಮನಿಗೆ ಬರಬೇಕು ಅಂತ ಕರಾರು. ಆದರ ಆ ಡಾಕ್ಟರ ತಲಿ ಎತ್ತದ ಒಂದ ಬಣ್ಣದ ನೀರು ಎಲ್ಲಾರಿಗೂ ಕೊಟ್ಟು ಕಳಸತಾರ. ಇವರಿಗೆ “ಬೀಡಿ ಬಿಡು” ಅಂದರಂತ. ಇವರು ಬೀಡಿ ಮುಟ್ಟಿದ್ದು ನೀ ಎಂದರ ನೋಡೀಯೇನು? ಬಾಜೂಕಿನ ಮಲಕಪ್ಪ ಹಿಂಗ ಕೆಮ್ಮಕೋತ ಕೆಲಸಕ್ಕ ಹೋದಾಂವ, ದೀಪಾವಳಿ ಮುಂದ ಅವನನ್ನ ಗೇಟಿನಿಂದಲೇ ತಿರುಗಿ ಕಳಿಸಿದರು. ಅದಕ್ಕ ನಾವು ಕೆಮ್ಮನ್ನ ಮುಚ್ಚಿ ಇಟ್ಟಿದ್ದೆವು.

ಹಿಂಗಿರಾಗ ಹೋದ ತಿಂಗಳ ಒಬ್ಬಾಕಿ ಬಂದಳು. ಬಿಳೀ ಸೀರೆ, ಕಾಲಾಗ ಚಪ್ಪಲಿ, ಹೆಸರು ಲೀಲಾಕ್ಷಿ. ಉಡುಪಿ ಕಡೆಯಾಕಿ, ನರ್ಸು. ದುಡಿಯುವವರ ಬಾಬತ್ತು ನೋಡೂ ಸರಕಾರದ ಕಾಮಗಾರ ಖಾತೆಯವರು ಇಂಥಾ ಫಂಡುಗಳು ನೆಟ್ಟಗ ನಡದಾವೋ ಇಲ್ಲೋ ಅಂತ ನೋಡಾಕ ಕಳಿಸ್ಯಾರಂತ. “ಈರಣ್ಣ ಅನ್ನುವವರು ಇದೇ ಮನೆಯವರಲ್ಲವಾ? ಅವರಿಗೆ ಸೌಖ್ಯ ಇಲ್ಲ ಅಂತ ಕೇಳಿದೆ” ಅಂದಳು. ಯಾರು ಹೇಳಿದರು ಈಕಿಗೆ? ಅದೂ ನಮ್ಮ ಮಾತು ಬಲ್ಲಾಕಿನ್ನ ಹುಡುಕಿ ಯಾಕ ಕಳಿಸಬೇಕು? ನೀ ಸಣ್ಣಾಕಿ ಇದ್ದಾಗ ಇದೇ ಪುಣೆಯಾಗ ಪ್ಲೇಗ ಬಂದು, ಗೋರಾ ಸಿಪಾಯಿಗಳು ಬೂಟುಗಾಲಿಲೆ ಒಳಗ ನುಗ್ಗಿ ನಿನ್ನ ಸೋದರತ್ತಿನ್ನ ಒಯ್ದದ್ದು, ಆಕಿ ತಿರುಗಿ ಬರದೇ ಹೋದದ್ದು, ನೀ ಹೇಳುತ್ತಿದ್ದೆಲ್ಲಾ, ಅದ ಕಣ್ಣ ಮುಂದ ಬಂತು. ಜಡ್ಡಾದವರನ್ನ ಆರಿಸಿ ಕೆಲಸದಿಂದ ತಗೀಲಿಕ್ಕೆ ಬಂದಾರ ಅಂತ ಗಿರಣಿ ಆಳುಗಳ ಮ್ಯಾಲಿನ ಮುಕಾದಮನೂ ಚಾಳತುಂಬ ಹೇಳಿದ್ದ. “ನಮ್ಮ ಮನಿಯಾಗ ಜಡ್ಡಾದವರು ಯಾರೂ ಇಲ್ರಿ, ಅವರು ದೌಂಡ ಊರಿಗೆ ಹೋಗ್ಯಾರ” ಅಂದೆ. ಅಷ್ಟರಾಗ ಸೀರೆಯ ಪರದೆ ಹಿಂದ ಇವರು ಕೆಮ್ಮಿಬಿಟ್ಟರು. “ಬಾಜೂಕಿನವರದು” ಅಂದೆ. “ಗೋಡೆ ಭಾರೀ ತೆಳು ಉಂಟಲ್ಲ” ಅಂದು, ನೀರು ಕುಡಿದು ಹೋದಳು.

ನಾಲ್ಕು ದಿನ ಬಿಟ್ಟು ಗಿರಣಿ ಡಾಕ್ಟರ ತಾವಾಗಿ ಬಂದರು ನೋಡವ್ವಾ, ಕೈಯಾಗ ಮೋಸಂಬಿ ಹಿಡಕೊಂಡು! ಇವರ ಮೈ ಮುಟ್ಟಲಿಲ್ಲ. ನನಗ ಮಾತ್ರ ಬಾಯಿತುಂಬ “ವಹಿನಿ, ವಹಿನಿ” ಅಂತ ಅತ್ತಿಗಿ ಮಾಡಿಕೊಂಡು, ಸರಕಾರದವರು ಕೇಳಿದರ ಡಾಕ್ಟರ ವಾರವಾರ ಬರತಾರ ಅಂತ ಹೇಳ್ರಿ, ನಿಮ್ಮ ಗಂಡಗ ಹಗುರ ಕೆಲಸ ಕೊಡಸತೀನಿ ಅಂದರು. ಅವರು ಹೋದ ಮ್ಯಾಲೆ ರೇಷನ್ ಅಕ್ಕಿ ಹಸನ ಮಾಡಕೋತ ಕೂತವಳಿಗೆ ಹರಳು ಯಾವುದು ಅಕ್ಕಿ ಯಾವುದು ತಿಳೀಲಿಲ್ಲ. ಈ ಮನುಷ್ಯಾ ಆ ಹೆಣ್ಣಮಗಳಿಗೆ ಯಾಕ ಹೆದರಬೇಕು? ಇಬ್ಬರೂ ಕೂಡಿ ನಡಿಸಿದ ನಾಟಕ ಇದ್ದರ?

ಮರುವಾರ ಎಲ್ಲಾರೂ ಕೂಡೇ ಬಂದರು: ಟೊಪ್ಪಿಗಿ ಹಾಕಿದ ಸರಕಾರಿ ಸಾಹೇಬ, ಲೀಲಾಕ್ಷಿ, ಡಾಕ್ಟರ, ಹಿಂದ ಮುಕಾದಮ. ಚಾಳಿನವರೆಲ್ಲ ಬಾಗಿಲಿಗೆ ನಿಂತರು. “ಈ ವಹಿನಿನ್ನ ಕೇಳ್ರಿ, ನಾ ಬರತೀನೋ ಇಲ್ಲೋ” ಅಂತ ಡಾಕ್ಟರ ನಕ್ಕರು. ನಾ ಸಾಹೇಬರಿಗೆ ತಿರುಗಿ ಕೇಳಿದೆ, ಖರೇ ಹೇಳಿದರ ನನ್ನ ಗಂಡನ ಕೆಲಸ ಹೋಗೂದಿಲ್ಲ ಅಂತ ಮಾತು ಕೊಡತೀರೇನು? ಅವರು ಲೀಲಾಕ್ಷಿ ಮಾರಿ ನೋಡಿದರು. ಆಕಿ ಸಣ್ಣ ದನಿಲೆ, “ಇಲ್ಲ ಅಮ್ಮ, ಅದು ನಮ್ಮ ಕೈಯಲ್ಲಿಲ್ಲ. ಫಂಡು ಹೇಗೆ ನಡೆಯುತ್ತದೆ ಅಂತ ನೋಡುವುದು, ತಪ್ಪಿದ್ದರೆ ಸರಿ ಮಾಡಿಸುವುದು, ಅಷ್ಟೇ ನಮ್ಮ ಕೆಲಸ” ಅಂದಳು. ಅವ್ವಾ, ಮೋಸ ಮಾಡಾಕಿ ಆಗಿದ್ದರ ಆಗಲೇ ಹೂಂ ಅಂತಿದ್ದಳು ಅನಿಸಿತು. “ಹೋದ ವಾರದ ತನಕ ಇವರು ನಮ್ಮ ಹೊಸ್ತಿಲ ದಾಟಿದವರಲ್ರಿ. ಬಂದಾಗ ಸುಳ್ಳು ಹೇಳಂದರು” ಅಂತ ಅಂದುಬಿಟ್ಟೆ. ಪರದೆ ಸರಿಸಿ ಇವರೂ ಹೊರಗ ಬಂದು ನಿಂತರು. ಮಲಕಪ್ಪ ತನ್ನ ಬಾಗಿಲಿನಿಂದ “ನನ್ನ ಮನಿಗೂ ಬಂದಿಲ್ರಿ” ಅಂದ.

ಮರುದಿನ ಲೀಲಾಕ್ಷಿ ತಾನೇ ಟಾಂಗಾ ಮಾಡಿ ಇವರನ್ನ ದೊಡ್ಡ ದವಾಖಾನಿಗೆ ಒಯ್ದಳು. ಎದಿಯ ಫೋಟೋ ತಗದರು. ಪುಪ್ಪುಸದಾಗ ಕ್ಷಯದ ಹುಣ್ಣು ಆಗ್ಯಾವಂತ, ವಾರ್ಡಿನಾಗ ಇಟ್ಟುಕೊಂಡಾರ. ಫಂಡಿಗೆ ಬ್ಯಾರೆ ಡಾಕ್ಟರನ್ನ ಹಚ್ಚಿಸ್ಯಾರ, ಮಲಕಪ್ಪಗೂ ಔಷಧ ಸುರುವಾತು. ಇವರ ಕೆಲಸದ ಮಾತು ತಗದರ ಗಿರಣಿಯವರು “ಬಘೂ” ಅಂತಾರ. ಆ ನೋಡೋಣದ ಮ್ಯಾಲೆ ನನಗ ನಂಬಿಗಿ ಇಲ್ಲ. ಮುಕಾದಮ ನನ್ನ ಕಂಡರ ಮಾರಿ ತಿರುವತಾನ. ಇವರು ಮಾತ್ರ ಮೊನ್ನೆ ಎರಡು ಭಾಕರಿ ತಿಂದು, ಇನ್ನೊಂದು ಅದ ಏನು ಅಂದರು. ಅಷ್ಟು ಸಾಕಾತು ನನಗ.

ಓಣಿಯ ಹಿರಿಯರಿಗೆಲ್ಲ ನನ್ನ ಶರಣು ಹೇಳು, ತಮ್ಮಗ ಆಶೀರ್ವಾದ. ಬಸವಣ್ಣ ನಿನ್ನನ್ನ ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಮಗಳು
ಸಾವಂತ್ರವ್ವ

ತಾ.ಕ.: ಬರೀಬಾರದು ಅಂತ ಮಾಡಿದ್ದೆ. ನನಗೂ ಕೆಮ್ಮು ಹತ್ತಿ ತಿಂಗಳಾತು. ಇವತ್ತ ಮುಂಜಾನೆ ಸೆರಗಿನಾಗ ಕೆಂಪು ಕಂಡೆ. ಫಂಡು ಗಿರಣಿ ಆಳುಗಳಿಗಷ್ಟೇ, ಹೆಂಡಂದಿರಿಗೆ ಇಲ್ಲ. ಶಿವರಾತ್ರಿ ಹೊತ್ತಿಗೆ ಲೀಲಾಕ್ಷಿ ಮತ್ತ ಬರತಾಳ, ಆಕಿಗೆ ಹೇಳತೀನಿ. ಆದರ ಹೇಳೂ ಮೊದಲ ಅಪ್ಪಿ ನಿನ್ನ ಹಂತ್ಯಾಕ ಇರಬೇಕು. ಮೊಲೆ ಬಿಡಿಸೀನಿ, ನೆರೆಮನಿ ಗೌರಾಬಾಯಿ ಹತ್ತರ ಮಲಗಸತೀನಿ, ಭಾಳ ಅಳತಾಳ. ಪತ್ರ ಮುಟ್ಟಿದ ಕೂಡಲೇ ರೈಲು ಹತ್ತು. ಬಂದಾಗ ನನ್ನ ಮೈ ಮುಟ್ಟಬ್ಯಾಡ ಅವ್ವಾ, ಮೊದಲ ಆಕಿನ್ನ ಎತ್ತಿಕೋ.